ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ತರುವಾಯದ ಪಥ್ಯದಲ್ಲಿ ಪ್ರೋಟೀನು

ಅತಿಸ್ಥೂಲತೆಯ ನಿವಾರಣೆಗಾಗಿ ಜಠರವನ್ನು ಕಿರಿದುಗೊಳಿಸುವ, ಅಥವಾ ಆಹಾರವು ಕರುಳಿನಲ್ಲಿ ಸಾಗುವ ಹಾದಿಯನ್ನು ಬದಲಿಸುವ, ಇಲ್ಲವೇ ಇವೆರಡನ್ನೂ ಒಟ್ಟಿಗೆ ನೆರವೇರಿಸುವ ಶಸ್ತ್ರಕ್ರಿಯೆಗಳಿಗೆ ಒಳಗಾದವರು, ತಮ್ಮ ಮಾಂಸಖಂಡ, ರಕ್ತ, ಚರ್ಮ, ಕೇಶ ಮೊದಲಾದವು ಕ್ಷೀಣಿಸದಂತೆ ಪ್ರತಿನಿತ್ಯವೂ ಆಹಾರದಿಂದ ಪಡೆಯಬೇಕಾದ ಪ್ರೋಟೀನಿನ ಪ್ರಮಾಣ, ಗುಣ ಮತ್ತು ಸೇವನಾಕ್ರಮಗಳ ವಿಚಾರವಿದು. ಇಂಥ ಶಸ್ತ್ರಚಿಕಿತ್ಸೆಯು ಜಠರವನ್ನು ಕಿರಿದು ಮಾಡುತ್ತದೆಯೇ ಹೊರತು ಶರೀರದ ಅವಶ್ಯಕತೆಯನ್ನು ಕಿರಿದು ಮಾಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ, ಎಂದರೆ 55 ಕಿಲೋಗ್ರಾಂ ತೂಕದ ಸ್ತ್ರೀಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನು ಸಾಕು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಾದರೋ ದಿನಕ್ಕೆ 60 ಗ್ರಾಮಿಗೆ ಕಡಿಮೆಯಾಗದಂತೆ, ಆದರ್ಶ ತೂಕದ ಪ್ರತಿ ಕಿಲೋಗ್ರಾಮಿಗೆ 1.5 ಗ್ರಾಂವರೆಗೂ ಬೇಕೆಂಬುದು ಇಂದು ವ್ಯಾಪಕವಾಗಿ ಅಂಗೀಕೃತವಾದ ನಿಯಮ. ಉಣ್ಣುವ ಅಳತೆ ಹಿಂದಿನದರ ಒಂದಂಶಕ್ಕೆ ಇಳಿದ ಕಾಲದಲ್ಲಿಯೇ ಪ್ರೋಟೀನಿನ ಅಳತೆ ಏರಬೇಕಾಗಿರುವುದರಿಂದ, ಈ ಪಥ್ಯವು ಸಾಮಾನ್ಯ ಪಥ್ಯಗಳಿಗಿಂತ ಬೇರೆಯಾದುದು.

ಈ ಚಿಕಿತ್ಸೆಯ ಇತಿಹಾಸವನ್ನು ಪ್ರೋಟೀನಿನ ದೃಷ್ಟಿಯಿಂದಲೇ ಅವಲೋಕಿಸಬಹುದು. 1954ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಎಂಬವರು ಸಣ್ಣಕರುಳಿನ ಬಹುಭಾಗವನ್ನು ಬಳಸಿ ಸಾಗುವಂತೆ ಅದರ ಆದಿಭಾಗವನ್ನು ಅಂತ್ಯಭಾಗಕ್ಕೆ ಜೋಡಿಸುವ ಕ್ರಮವನ್ನು ವರದಿಮಾಡಿದರು. 1969ರ ವೇಳೆಗೆ ಪೇನ್ ಮತ್ತು ಡಿವಿಂಡ್ ಎಂಬ ಶಸ್ತ್ರವೈದ್ಯರು ಆಹಾರಕ್ಕೆ ಒದಗುವ ಕರುಳನ್ನು ಆದಿಯಲ್ಲಿ 35 ಸೆಂಟಿಮೀಟರಿಗೂ ಅಂತ್ಯದಲ್ಲಿ 10 ಸೆಂಟಿಮೀಟರಿಗೂ ಮಿತಗೊಳಿಸುವ ಪದ್ಧತಿಯನ್ನು ಪ್ರಚುರಪಡಿಸಿದರು. ತೂಕವೇನೋ ಇಳಿಯಿತು, ಆದರೆ ಅತಿಸಾರ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯ, ಪ್ರೋಟೀನಿನ ಕೊರತೆ ಇವು ಒಂದರ ಹಿಂದೊಂದು ತಲೆದೋರಿ ಆ ಕ್ರಮವನ್ನು ಕೈಬಿಡಬೇಕಾಯಿತು. ಜಠರದ ಹುಣ್ಣಿಗಾಗಿ ಜಠರದ ಬಹುಭಾಗವನ್ನು ತೆಗೆಸಿಕೊಂಡ ಸ್ತ್ರೀಯರು ಅನಂತರ ತೂಕ ಗಳಿಸಲಾರದೆ ಹೋಗುವುದನ್ನು ಗಮನಿಸಿದ್ದ ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ತಮ್ಮ ಸಹೋದ್ಯೋಗಿ ಚಿಕಾಶಿ ಇಟೊ ಅವರೊಡನೆ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಕ್ರಿಯೆಯನ್ನು ಆರಂಭಿಸಿದರು. 1970ರ ದಶಕದ ಉತ್ತರಾರ್ಧದಲ್ಲಿ ಇಟಲಿಯ ಜಿನೋವ ನಗರದ ನಿಕೋಲಾ ಸ್ಕೊಪಿನಾರೊ ಅವರು, ಪಿತ್ತರಸ ಮತ್ತು ಮೇದೋಜೀರಕ ರಸಗಳು ಆಹಾರದೊಡನೆ ಸಣ್ಣಕರುಳಿನ ಕೊನೆಯ 50 ಸೆಂಟಿಮೀಟರಿನಲ್ಲಿ ಮಾತ್ರ ಕೂಡುವಂತಹ ಕ್ರಮವನ್ನು ರೂಪಿಸಿದರು. ಕೊಬ್ಬನ್ನು ಹೀರದಂತೆ ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲವಾದರೂ ಪ್ರೋಟೀನಿನ ನಷ್ಟವೂ ಇದರಲ್ಲಿಯೇ ಅಧಿಕ. ಈ ಕ್ರಮದಿಂದ ಬೆಳೆದುಬಂದ ಮತ್ತೊಂದು ದೊಡ್ಡ ಶಸ್ತ್ರಕ್ರಿಯೆಯ ಮೊದಲ ಹಂತವಾಗಿ, ಅಪಾಯ ಹೆಚ್ಚಿದ್ದ ರೋಗಿಗಳಿಗೆ 2000ದ ಆಸುಪಾಸಿನಲ್ಲಿ ಮಾಡತೊಡಗಿದ ಸ್ಲೀವ್ ಗ್ಯಾಸ್ಟ್ರೆಕ್ಟಮಿಯು ಅದೊಂದೇ ಸಾಕೆಂಬುದು ಕಂಡುಬಂದ ಮೇಲೆ ಸ್ವತಂತ್ರ ಚಿಕಿತ್ಸೆಯಾಗಿ ನಿಂತಿತು, ಮತ್ತು ಇಂದು ಪ್ರಪಂಚದಲ್ಲಿ ಅತಿ ಹೆಚ್ಚಾಗಿ ನಡೆಯುವ ತೂಕ ಇಳಿಸುವ ಶಸ್ತ್ರಕ್ರಿಯೆ ಅದೇ ಆಗಿದೆ.

ಸ್ಲೀವ್ ಕ್ರಿಯೆಯಲ್ಲಿ ಜಠರದ ನೂರಕ್ಕೆ ಎಪ್ಪತ್ತೈದರಿಂದ ಎಂಬತ್ತು ಭಾಗವನ್ನು ಕತ್ತರಿಸಿ ತೆಗೆದು ನೀಳವಾದ ಒಂದು ನಾಳವನ್ನು ಮಾತ್ರ ಉಳಿಸುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸಿನಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವನ್ನು ಜಠರದ ಮೇಲ್ಭಾಗದಿಂದ ಬೇರ್ಪಡಿಸಿ ನೇರವಾಗಿ ಸಣ್ಣಕರುಳಿಗೆ ಹೊಂದಿಸುತ್ತಾರೆ. ಸಹಜ ಸ್ಥಿತಿಯಲ್ಲಿ ಜಠರದ ಆಮ್ಲವು ಪ್ರೋಟೀನಿನ ಹೆಣಿಗೆಯನ್ನು ಸಡಿಲಿಸಿ ಪೆಪ್ಸಿನ್ ಎಂಬ ಕಿಣ್ವವು ಅದನ್ನು ತುಂಡರಿಸುತ್ತದೆ. ಆ ತುಂಡುಗಳನ್ನು ಮೇದೋಜೀರಕ ಗ್ರಂಥಿಯ ಟ್ರಿಪ್ಸಿನ್, ಕೈಮೊಟ್ರಿಪ್ಸಿನ್ ಮುಂತಾದವು ಇನ್ನಷ್ಟು ಸೀಳಿ, ಕರುಳಿನ ಗೋಡೆ ಹೀರಲು ತಕ್ಕುದಾದ ಅಮೈನೋ ಆಮ್ಲಗಳನ್ನಾಗಿ ಮತ್ತು ಕಿರು ಸರಪಳಿಗಳನ್ನಾಗಿ ಮಾಡುತ್ತವೆ. ಬೈಪಾಸಿನ ತರುವಾಯ ಜಠರದ ಪಾಲಿನ ಕೆಲಸ ಬಹಳಮಟ್ಟಿಗೆ ತಪ್ಪಿ, ಆಹಾರವು ಈ ರಸಗಳನ್ನು ಕೂಡುವುದು ಕರುಳಿನ ಕೆಳಗಿನ ಹಂತದಲ್ಲಿ. ಆದರೂ ಸಾಧಾರಣ ಬೈಪಾಸಿನಲ್ಲಿ ಉಳಿಯುವ ಕರುಳು ಜೀರ್ಣಕ್ರಿಯೆಗೆ ಸಾಲುವುದರಿಂದ, ಅಲ್ಲಿಯೂ ಸ್ಲೀವ್ ಕ್ರಿಯೆಯಲ್ಲಿಯೂ ಕೊರತೆಗೆ ಮುಖ್ಯ ಕಾರಣ ಅಜೀರ್ಣವಲ್ಲ, ಸಾಕಷ್ಟು ತಿನ್ನದಿರುವುದು. ಸ್ಕೊಪಿನಾರೊ ಅವರ ಕ್ರಮದಲ್ಲಿಯೂ ಅದರ ಸಂತತಿಯ ಶಸ್ತ್ರಕ್ರಿಯೆಗಳಲ್ಲಿಯೂ ಮಾತ್ರ ತಿಂದದ್ದೂ ಪೂರ್ಣವಾಗಿ ದಕ್ಕುವುದಿಲ್ಲ. ಅಂಥವರಿಗೆ ದಿನಕ್ಕೆ 90 ಗ್ರಾಮಿನಷ್ಟು ಪ್ರೋಟೀನನ್ನು ವಿಧಿಸುವುದು ರೂಢಿ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿನ ಎಳೆಯ ಮಕ್ಕಳಲ್ಲಿ ಕಂಡು ವರ್ಣಿಸಿದ ಕ್ವಾಶಿಯೋರ್ಕರ್ ಎಂಬ ಊತದ ವ್ಯಾಧಿಯ ಲಕ್ಷಣಗಳೇ, ಇಂಥ ಶಸ್ತ್ರಕ್ರಿಯೆಗೆ ಒಳಗಾಗಿ ಪ್ರೋಟೀನನ್ನು ಉಪೇಕ್ಷಿಸಿದ ವಯಸ್ಕರಲ್ಲಿ ಕಾಣಿಸಿಕೊಂಡಿರುವುದುಂಟು.

ಸಾಕಷ್ಟು ತಿನ್ನದಿರುವುದಕ್ಕೆ ರೋಗಿಯ ಅಲಕ್ಷ್ಯವೇ ಕಾರಣವೆಂದು ಹೇಳುವುದು ಅನ್ಯಾಯ. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಕಂಡುಹಿಡಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಮುಖ್ಯವಾಗಿ ಜಠರದ ಮೇಲ್ಭಾಗದಲ್ಲಿ ಉತ್ಪನ್ನವಾಗುತ್ತದೆ. ಸ್ಲೀವ್ ಕ್ರಿಯೆಯಲ್ಲಿ ಆ ಭಾಗವೇ ತೆಗೆದುಹೋಗುವುದರಿಂದ ಅನೇಕರಿಗೆ ತಿಂಗಳುಗಟ್ಟಲೆ ಹಸಿವೆಯೆಂಬುದೇ ತೋರುವುದಿಲ್ಲ. ಜೊತೆಗೆ ರುಚಿ ಮತ್ತು ವಾಸನೆಗಳ ಗ್ರಹಿಕೆ ಬದಲಾಗಿ, ಹಿಂದೆ ಪ್ರಿಯವಾಗಿದ್ದ ಮಾಂಸ, ಮೊಟ್ಟೆಗಳು ಓಕರಿಕೆ ತರುತ್ತವೆ. ಹಾಲಿನ ಸಕ್ಕರೆ ಕೆಲವರಿಗೆ ಒಗ್ಗದಾಗುತ್ತದೆ. ಆತುರದಲ್ಲಿ ಉಂಡ ಒಂದು ತುತ್ತು ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯಾದ ಮೇಲೆ ಮರುದಿನ ಆ ಪದಾರ್ಥದ ಹೆಸರೆತ್ತಿದರೂ ಭಯವಾಗುತ್ತದೆ. ಹೀಗೆ ಹಸಿವೆಯು ನೆನಪಿಸದ, ನಾಲಗೆಯು ಒಪ್ಪದ, ಚೀಲವು ಹಿಡಿಯದ ಕಾಲದಲ್ಲಿ ಗಡಿಯಾರವನ್ನೂ ಅಳತೆಯನ್ನೂ ನೋಡಿಯೇ ಉಣ್ಣಬೇಕಾಗುತ್ತದೆ. ಇದನ್ನು ಮನೆಯವರು ತಿಳಿದಿರುವುದು ಅತ್ಯವಶ್ಯಕ.

ಆಹಾರದಿಂದ ಪ್ರೋಟೀನು ಬಾರದಿದ್ದಾಗ ಶರೀರವು ತನ್ನ ಮಾಂಸಖಂಡಗಳನ್ನೇ ಕರಗಿಸಿ ಅಮೈನೋ ಆಮ್ಲಗಳನ್ನು ಒದಗಿಸಿಕೊಳ್ಳುತ್ತದೆ; ಬರಗಾಲದಲ್ಲಿ ಹಗೇವಿನ ಬಿತ್ತನೆಯ ಕಾಳನ್ನೇ ಕುಟ್ಟಿ ಉಣ್ಣುವ ಒಕ್ಕಲಿಗನ ಸ್ಥಿತಿ ಅದು. ಇಳಿದ ತೂಕವೆಲ್ಲ ಕೊಬ್ಬಲ್ಲ, ಅದರಲ್ಲಿ ಮಾಂಸಖಂಡದ ಪಾಲೂ ಗಣನೀಯವಾಗಿರುತ್ತದೆ. ಈ ಪಾಲನ್ನು ಆದಷ್ಟು ಕಡಿಮೆ ಮಾಡುವುದಕ್ಕೆ ಇರುವ ಸಾಧನಗಳು ಎರಡೇ: ಒಂದು ಪ್ರೋಟೀನು, ಮತ್ತೊಂದು ಭಾರವನ್ನೆತ್ತುವ ಇಲ್ಲವೇ ಪ್ರತಿರೋಧವನ್ನೊಡ್ಡುವ ವ್ಯಾಯಾಮ. ತಕ್ಕಡಿಯ ಮುಳ್ಳು ಇಳಿದುದನ್ನೇ ನೋಡಿ ಹಿಗ್ಗುವವರಿಗೆ ಕರಗಿದ್ದು ಯಾವುದೆಂಬುದನ್ನು ತಕ್ಕಡಿ ಹೇಳುವುದಿಲ್ಲ.

ಪ್ರಮಾಣದಷ್ಟೇ ಗುಣವೂ ಮುಖ್ಯವೆಂಬುದನ್ನು ಲೋಕವು ಒಂದು ದುರಂತದಿಂದ ಕಲಿಯಿತು. ಶರೀರದ ಪ್ರೋಟೀನುಗಳಲ್ಲಿ ಸೇರುವ ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ವಯಸ್ಕ ಶರೀರವು ತಾನಾಗಿ ನಿರ್ಮಿಸಲಾರದು. 1976ರಲ್ಲಿ ಅಮೆರಿಕದ ರಾಬರ್ಟ್ ಲಿನ್ ಎಂಬ ವೈದ್ಯನ ಪುಸ್ತಕವೊಂದರಿಂದ ಜನಪ್ರಿಯವಾದ ದ್ರವ ಪ್ರೋಟೀನಿನ ಉಪವಾಸಕ್ರಮದಲ್ಲಿ, ಪ್ರಾಣಿಗಳ ತೊಗಲು, ಸ್ನಾಯುಬಂಧ ಮುಂತಾದವುಗಳಿಂದ ತೆಗೆದ ಕೊಲಾಜನ್ನಿನ ದ್ರವವನ್ನು ಕುಡಿದೇ ಜನರು ದಿನ ದೂಡುತ್ತಿದ್ದರು. ಕೊಲಾಜನ್ನಿನಲ್ಲಿ ಟ್ರಿಪ್ಟೋಫ್ಯಾನ್ ಎಂಬ ಅತ್ಯಾವಶ್ಯಕ ಆಮ್ಲವು ಇಲ್ಲವೇ ಇಲ್ಲ. ಒಂದೆರಡು ವರ್ಷಗಳಲ್ಲಿ ಐವತ್ತಕ್ಕೂ ಮಿಕ್ಕ ಸಾವುಗಳು ಸರ್ಕಾರದ ಗಮನಕ್ಕೆ ಬಂದು, ಅವುಗಳಲ್ಲಿ ಹಲವು ಹೃದಯದ ಲಯ ತಪ್ಪಿ ಸಂಭವಿಸಿದವೆಂದು ತಿಳಿದುಬಂದಿತು. ಅಲ್ಲಿ ಪೊಟ್ಯಾಸಿಯಮ್ ಮೊದಲಾದ ಲವಣಗಳ ಅಭಾವವೂ ಅತ್ಯಲ್ಪ ಆಹಾರವೂ ಸೇರಿದ್ದುವೆಂಬುದು ನಿಜ. ಆದರೂ ಇಂದು ಚರ್ಮಕಾಂತಿಯ ಹೆಸರಿನಲ್ಲಿ ಮಾರಾಟವಾಗುವ ಕೊಲಾಜನ್ ಪುಡಿಯನ್ನು ಶಸ್ತ್ರಚಿಕಿತ್ಸೆಯಾದವರು ಪ್ರೋಟೀನಿನ ಲೆಕ್ಕಕ್ಕೆ ಹಿಡಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸಗಳ ಪ್ರೋಟೀನುಗಳು ಗುಣದಲ್ಲಿ ಶ್ರೇಷ್ಠ. ಸಸ್ಯಮೂಲಗಳಲ್ಲಿ ಸೋಯಾ ಅವುಗಳ ಸಮೀಪಕ್ಕೆ ಬರುತ್ತದೆ. ಧಾನ್ಯಗಳಲ್ಲಿ ಲೈಸೀನ್ ಕಡಿಮೆ, ಬೇಳೆಗಳಲ್ಲಿ ಮೆಥಿಯೋನೀನ್ ಕಡಿಮೆ; ಅನ್ನ ಮತ್ತು ಹುಳಿಯನ್ನು ಕಲಸಿ ಉಣ್ಣುವ ನಮ್ಮ ರೂಢಿಯಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಶಸ್ತ್ರಚಿಕಿತ್ಸೆಯ ತರುವಾಯ ಅನ್ನದ ಭಾಗ ಬಹುಮಟ್ಟಿಗೆ ಇಲ್ಲವಾಗುವುದರಿಂದ ಈ ಪರಸ್ಪರ ಪೂರಣವೂ ಕುಂದುತ್ತದೆಂಬುದನ್ನು ಕೆಲವರೇ ಗಮನಿಸುತ್ತಾರೆ. ಆಗ ಬೇಳೆಯ ಜೊತೆಗೆ ಮೊಸರೋ ಮೊಟ್ಟೆಯೋ, ಅವೆರಡೂ ಒಲ್ಲದವರಿಗೆ ಮೆಥಿಯೋನೀನ್ ಹೇರಳವಾಗಿರುವ ಎಳ್ಳಿನ ಪುಡಿಯೋ ಸೇರಬೇಕು.

ಕನ್ನಡನಾಡಿನ ಮನೆಗಳಲ್ಲಿ ಈ ಪಥ್ಯಕ್ಕೆ ಅಡ್ಡಬರುವುದು ಪ್ರೀತಿಯೇ. ರೋಗಿಗೆ ಹಗುರವಾದುದನ್ನು ಕೊಡಬೇಕೆಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಜ್ವರ ಬಿಟ್ಟವನಿಗೆ ಅಕ್ಕಿಯ ಗಂಜಿ, ತಿಳಿಸಾರು, ನೀರುಮಜ್ಜಿಗೆ, ಮೆತ್ತಗೆ ಬೆಂದ ಅನ್ನ. ಜ್ವರದಲ್ಲಿ ಅದು ಸರಿಯಷ್ಟೆ. ಆದರೆ ಆಸ್ಪತ್ರೆಯಿಂದ ಮರಳಿದ ಮಗಳಿಗೆ ತಾಯಿಯು ದಿನಕ್ಕೆ ಮೂರು ಸಲ ಅಕ್ಕರೆಯಿಂದ ಬಸಿದುಕೊಡುವ ತಿಳಿಸಾರಿನಲ್ಲಿ ಬೇಳೆಯ ಪ್ರೋಟೀನಿನ ಬಹುಭಾಗ ಪಾತ್ರೆಯ ತಳದ ಗಸಿಯಲ್ಲಿಯೇ ಉಳಿದಿರುತ್ತದೆ, ಲೋಟಕ್ಕೆ ಬರುವುದು ಹುಣಿಸೆಯ ಹುಳಿ, ಉಪ್ಪು ಮತ್ತು ಮೆಣಸಿನ ಪರಿಮಳ; ಗಂಜಿಯಲ್ಲಿಯೂ ಪ್ರೋಟೀನು ಅತ್ಯಲ್ಪವೇ. ಶಸ್ತ್ರಚಿಕಿತ್ಸೆಯಾದವರ ಪಥ್ಯದಲ್ಲಿ ಪದಾರ್ಥವು ಮೃದುವಾಗಿರಬೇಕು, ಆದರೆ ಗಟ್ಟಿಯಾಗಿರಬೇಕು. ಅಳತೆ ಕಿರಿದಾಗಿರಬೇಕು, ಆದರೆ ಸಾರವು ತುಂಬಿರಬೇಕು.

ಲೆಕ್ಕವನ್ನೇ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ತೊಗರಿಬೇಳೆಯ 100 ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನುಂಟು; ಅದೊಂದರಿಂದಲೇ 60 ಗ್ರಾಂ ಪಡೆಯಬೇಕಾದರೆ 270 ಗ್ರಾಂ ಬೇಳೆ ಬೇಕು, ಬೆಂದಾಗ ಅದು ಮುಕ್ಕಾಲು ಕಿಲೋಗ್ರಾಮಿಗೂ ಮಿಕ್ಕುತ್ತದೆ. ಹಸುವಿನ ಹಾಲಾದರೆ ಹತ್ತಿರ ಹತ್ತಿರ ಎರಡು ಲೀಟರು, ಮೊಟ್ಟೆಯಾದರೆ ಹತ್ತು, ಬೆಂದ ಅನ್ನವಾದರೆ ಎರಡು ಕಿಲೋಗ್ರಾಮಿಗೂ ಹೆಚ್ಚು. ಮೊದಲ ವಾರಗಳಲ್ಲಿ ಒಂದು ಹೊತ್ತಿಗೆ ಅರ್ಧ ಲೋಟಕ್ಕಿಂತ ಹೆಚ್ಚು ಹಿಡಿಯದವರು ಯಾವೊಂದು ಪದಾರ್ಥವನ್ನು ನೆಚ್ಚಿದರೂ ಗುರಿ ಮುಟ್ಟಲಾರರು. ಆದುದರಿಂದ ಪಥ್ಯದ ಜಾಣತನವೆಲ್ಲ ನೀರನ್ನು ಕಳೆದು ಸಾರವನ್ನು ಉಳಿಸುವುದರಲ್ಲಿದೆ. ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಿದರೆ ಅದರ ಪ್ರೋಟೀನು ಹೆಚ್ಚುಕಡಿಮೆ ಇಮ್ಮಡಿ ಸಾಂದ್ರವಾಗುತ್ತದೆ. ಕೆನೆ ತೆಗೆದ ಹಾಲಿನ ಪುಡಿಯ 100 ಗ್ರಾಮಿನಲ್ಲಿ ಸುಮಾರು 35 ಗ್ರಾಂ ಪ್ರೋಟೀನಿರುವುದರಿಂದ, ಕಾಯಿಸಿದ ಹಾಲಿಗೇ ಅದನ್ನು ಕದಡಿದರೆ ಅಳತೆ ಹೆಚ್ಚದೆ ಸಾರ ಹೆಚ್ಚುತ್ತದೆ. ಹುರಿಗಡಲೆಯನ್ನು ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟನ್ನು ಎರಡು ಚಮಚ, ಎಂದರೆ 20 ಗ್ರಾಮಿನಷ್ಟು, ಗಟ್ಟಿಮಜ್ಜಿಗೆಗೆ ಬೆರೆಸಿದರೆ ನಾಲ್ಕು ಗ್ರಾಂ ಕೂಡಿತು. ತೊವ್ವೆಯನ್ನು ಸೌಟು ನಿಲ್ಲುವ ಹದಕ್ಕೆ ಮಾಡತಕ್ಕದ್ದು.

ಪಥ್ಯವು ಹಂತಹಂತವಾಗಿ ಸಾಗುತ್ತದೆ. ಮೊದಲ ಒಂದೆರಡು ದಿನ ತಿಳಿಯಾದ ದ್ರವಗಳು, ಅನಂತರ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ಪ್ರೋಟೀನು ಪೇಯಗಳಂಥ ಪೂರ್ಣ ದ್ರವಗಳು, ಆಮೇಲೆ ಅರೆದ ಆಹಾರ, ತರುವಾಯ ಮೆದುವಾದ ಆಹಾರ, ಆರೆಂಟು ವಾರಗಳ ಬಳಿಕ ಎಲ್ಲರಂತೆ ಊಟ. ದಿನಗಳ ಎಣಿಕೆಯಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ವ್ಯತ್ಯಾಸವಿದ್ದರೂ ಅನುಕ್ರಮ ಇದೇ. ತಟ್ಟೆಯಲ್ಲಿ ಮೊದಲು ಪ್ರೋಟೀನಿನ ಪದಾರ್ಥ, ಆಮೇಲೆ ಪಲ್ಯ, ಜಾಗ ಉಳಿದರೆ ಮಾತ್ರ ಅನ್ನ ಅಥವಾ ರೊಟ್ಟಿ ಎಂಬ ಕ್ರಮವನ್ನು ಎಲ್ಲ ಹಂತಗಳಲ್ಲಿಯೂ ಪಾಲಿಸಬೇಕು. ಊಟದ ಜೊತೆಯಲ್ಲಿ ನೀರು ಕುಡಿಯದೆ, ಉಂಡ ಅರ್ಧ ಗಂಟೆಯ ಮೇಲೆ ಗುಟುಕು ಗುಟುಕಾಗಿ ಆರಂಭಿಸಿ, ದಿನಕ್ಕೆ ಒಂದೂವರೆ ಲೀಟರನ್ನಾದರೂ ಪೂರೈಸಬೇಕು.

ಮೂರನೆಯ ತಿಂಗಳ ಒಬ್ಬ ಶಾಕಾಹಾರಿಯ ದಿನವನ್ನು ಉದಾಹರಿಸೋಣ. ಬೆಳಗ್ಗೆ 150 ಮಿಲಿಲೀಟರು ಹಾಲಿಗೆ 20 ಗ್ರಾಂ ಹಾಲಿನ ಪುಡಿ ಕದಡಿ ಕುಡಿದರೆ 12 ಗ್ರಾಂ. ಮಧ್ಯಾಹ್ನಕ್ಕೆ ಮೊದಲು 50 ಗ್ರಾಂ ಪನೀರನ್ನು ಪುಡಿಮಾಡಿ ಒಗ್ಗರಣೆ ಕೊಟ್ಟು ತಿಂದರೆ 9 ಗ್ರಾಂ. ಊಟಕ್ಕೆ 30 ಗ್ರಾಂ ಹೆಸರುಬೇಳೆಯ ಗಟ್ಟಿ ತೊವ್ವೆಯಿಂದ 7 ಗ್ರಾಂ. ಸಂಜೆ 100 ಗ್ರಾಂ ನೀರಿಳಿಸಿದ ಮೊಸರಿನಿಂದ 6 ಗ್ರಾಂ. ರಾತ್ರಿ 20 ಗ್ರಾಂ ಒಣ ಸೋಯಾ ಉಂಡೆಗಳನ್ನು ನೆನೆಸಿ ಹಿಂಡಿ ಕೊಚ್ಚಿ ಮಾಡಿದ ಪಲ್ಯದಿಂದ 10 ಗ್ರಾಂ. ಇಷ್ಟು ನಿಷ್ಠೆಯಿಂದ ನಡೆದುಕೊಂಡರೂ ಕೂಡುವುದು 44 ಗ್ರಾಂ ಮಾತ್ರ. ಉಳಿದ ಅಂತರವನ್ನು ಮುಚ್ಚುವುದಕ್ಕೆ ಹಾಲಿನ ತಿಳಿಯಿಂದ ತೆಗೆದ ವೇ ಪ್ರೋಟೀನಿನ ಒಂದು ಅಳತೆಚಮಚ, ಅದು ಸುಮಾರು 20 ಗ್ರಾಂ ಕೊಡುತ್ತದೆ, ಅಥವಾ ಸೋಯಾ ಪ್ರೋಟೀನಿನ ಪುಡಿ ಬೇಕಾಗುತ್ತದೆ. ಮನೆಯ ಆಹಾರದಿಂದಲೇ ಎಲ್ಲವೂ ಆಗಬೇಕೆಂಬ ಹಟವನ್ನು ಮೊದಲ ಆರು ತಿಂಗಳಲ್ಲಿ ಹಿಡಿಯಬಾರದು. ಡಬ್ಬಿಯ ಪುಡಿಯೇ ಸಾಕೆಂಬ ಸೋಮಾರಿತನವನ್ನು ಆಮೇಲೆ ಬೆಳೆಸಿಕೊಳ್ಳಬಾರದು. ಚೀಲವು ಕ್ರಮೇಣ ಸ್ವಲ್ಪ ಹಿಗ್ಗಿ, ಒಂದು ವರ್ಷದ ಹೊತ್ತಿಗೆ ಒಂದು ಬಟ್ಟಲು ಹಿಡಿಯುವಂತಾದಾಗ, ವೈವಿಧ್ಯವರಿತು ಉಣ್ಣುವ ಬಹುಮಂದಿಗೆ ಪುಡಿಯ ಅಗತ್ಯ ತೀರುತ್ತದೆ. ಮಾಲ್ಟ್ ಬೆರೆಸಿದ ಪೇಯಪುಡಿಗಳನ್ನು ಪ್ರೋಟೀನು ಪುಡಿಯೆಂದು ಭ್ರಮಿಸಿ ಕೊಳ್ಳುವುದು ಸಾಮಾನ್ಯ. ಅವುಗಳಲ್ಲಿ ಸಕ್ಕರೆಯ ಭಾಗವೇ ದೊಡ್ಡದು, ಬೈಪಾಸ್ ಆದವರಲ್ಲಿ ಇಂಥ ಸಕ್ಕರೆಯು ಕರುಳಿಗೆ ಹಠಾತ್ತನೆ ನುಗ್ಗಿ ಬೆವರು, ಎದೆಬಡಿತ, ತಲೆಸುತ್ತು, ಭೇದಿಗಳನ್ನುಂಟುಮಾಡುತ್ತದೆ. ಹೋಳಿಗೆ, ಪಾಯಸಗಳಿಗೂ ಇದೇ ಮಾತು.

ಮೊಟ್ಟೆ, ಮೀನು ತಿನ್ನುವವರ ದಾರಿ ಸುಗಮ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನಿದ್ದು, ಮೆತ್ತಗೆ ಕದಡಿ ಬೇಯಿಸಿದರೆ ಬೇಗನೆ ಒಗ್ಗುತ್ತದೆ. ಕರಾವಳಿಯ ಬಂಗುಡೆ, ಬೂತಾಯಿ, ಕಾಣೆ ಮೊದಲಾದ ಮೀನುಗಳು ಎಳೆಎಳೆಯಾಗಿ ಬಿಡುವುದರಿಂದ, ಮುಳ್ಳು ತೆಗೆದು ಕೊಡುವ ತಾಳ್ಮೆಯಿದ್ದರೆ, ಶಸ್ತ್ರಚಿಕಿತ್ಸೆಯಾದವರಿಗೆ ಇವುಗಳಿಗಿಂತ ಹಿತವಾದುದು ವಿರಳ. ಖಾರವನ್ನೂ ಎಣ್ಣೆಯಲ್ಲಿ ಹುರಿಯುವುದನ್ನೂ ಮಿತಗೊಳಿಸಿದರಾಯಿತು. ಕುರಿಯ ಮಾಂಸದ ನಾರು ಜಿಗುಟಾದುದರಿಂದ ಅದು ಬಹುಕಾಲ ಒಗ್ಗುವುದಿಲ್ಲ. ಕೋಳಿಯ ಮಾಂಸವೂ ಒಣಗಿದ್ದರೆ ಸಿಕ್ಕಿಕೊಳ್ಳುತ್ತದೆ, ಖೀಮಾದಂತೆ ಕೊಚ್ಚಿ ರಸವಾಗಿ ಬೇಯಿಸಿದರೆ ಇಳಿಯುತ್ತದೆ. ಹಳೇ ಮೈಸೂರು ಸೀಮೆಯವರಿಗೆ ವಿಶೇಷವಾಗಿ ಹೇಳಬೇಕಾದುದು ರಾಗಿಮುದ್ದೆಯ ಮಾತು. ಮುದ್ದೆಯನ್ನು ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವುದು ಅಲ್ಲಿ ಬಾಲ್ಯದಿಂದ ಬಂದ ಅಭ್ಯಾಸ; ಈ ಪುಟ್ಟ ಚೀಲದ ಬಾಯಿ ಬಹಳ ಇಕ್ಕಟ್ಟಾದುದರಿಂದ ಅಗಿಯದೆ ನುಂಗಿದ ಅಂಟಾದ ತುತ್ತು ಅಲ್ಲಿ ತಡೆದು ನಿಂತರೆ ಪ್ರಾಣಸಂಕಟ. ಸುಮಾರು ಏಳು ಭಾಗ ಮಾತ್ರ ಪ್ರೋಟೀನಿರುವ ರಾಗಿಗಾಗಿ ಈ ಅಪಾಯವನ್ನು ಮೈಮೇಲೆ ಹಾಕಿಕೊಳ್ಳುವುದು ಬೇಡ. ಅದೇ ಸೀಮೆಯ ಬಸ್ಸಾರಿಗಾಗಿ ಬೇಯಿಸಿದ ಹುರುಳಿ, ಅವರೆ, ಹೆಸರುಕಾಳುಗಳ ಕಟ್ಟನ್ನು ಮನೆಯವರಿಗೆ ಬಿಟ್ಟು, ಕಾಳನ್ನು ನುಣ್ಣಗೆ ಅರೆದು ರೋಗಿಗೆ ಕೊಡುವುದು ಲೇಸು.

ಪ್ರೋಟೀನನ್ನು ಸಾಂದ್ರಗೊಳಿಸುವ ವಿದ್ಯೆ ನಮ್ಮಲ್ಲಿ ಹೊಸದಲ್ಲ. 1950ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಸೌಧದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು, ಅದರ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟಿಗೆ ಕಡಲೆಹಿಟ್ಟನ್ನು ಬೆರೆಸಿ ಜೀವಸತ್ತ್ವ, ಸುಣ್ಣಾಂಶಗಳನ್ನು ಕೂಡಿಸಿ ಸರ್ವೋಪಯೋಗಿ ಆಹಾರವೆಂಬ ಪುಡಿಯನ್ನು ಸಿದ್ಧಪಡಿಸಿತು. ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಬೆರೆಸುವ ಮಿಲ್ಟೋನ್ ಎಂಬ ಪೇಯವೂ ಅಲ್ಲಿಯದೇ. ಅವು ಹಸಿದ ಮಕ್ಕಳಿಗಾಗಿ ರೂಪುಗೊಂಡವು, ಸ್ಥೂಲಕಾಯರಿಗಾಗಿ ಅಲ್ಲ. ಆದರೆ ಸ್ವಲ್ಪದರಲ್ಲಿ ಹೆಚ್ಚು ಪ್ರೋಟೀನನ್ನು, ಅದನ್ನೂ ಅಗ್ಗದ ದೇಶೀಯ ಪದಾರ್ಥಗಳಿಂದ ಒದಗಿಸುವ ಪ್ರಶ್ನೆ ಎರಡೂ ಕಡೆ ಒಂದೇ ಆಗಿರುವುದರಿಂದ, ದುಬಾರಿಯಾದ ಪುಡಿಯ ಡಬ್ಬಿಗಳನ್ನು ಕೊಳ್ಳಲಾರದ ರೋಗಿಗಳಿಗೆ ಆ ದಾರಿಯಲ್ಲಿ ಈಗಲೂ ಕೆಲಸ ನಡೆಯಬೇಕಾದುದು ನ್ಯಾಯ.

ಕೊರತೆಯ ಲಕ್ಷಣಗಳಲ್ಲಿ ಎಲ್ಲರನ್ನೂ ಮೊದಲು ಹೆದರಿಸುವುದು ಕೂದಲು ಉದುರುವಿಕೆ. ಮೂರರಿಂದ ಆರು ತಿಂಗಳ ನಡುವೆ ತೋರುವ ಈ ಉದುರುವಿಕೆಗೆ ಶಸ್ತ್ರಚಿಕಿತ್ಸೆಯ ಮತ್ತು ವೇಗದ ತೂಕನಷ್ಟದ ಆಘಾತವೇ ಬಹುಮಟ್ಟಿಗೆ ಕಾರಣವಾಗಿದ್ದು, ಸಾಧಾರಣವಾಗಿ ತಾನಾಗಿಯೇ ನಿಲ್ಲುತ್ತದೆ; ಆದರೆ ಪ್ರೋಟೀನು, ಕಬ್ಬಿಣ, ಸತುಗಳ ಅಭಾವವಿದ್ದಲ್ಲಿ ಮುಂದುವರಿಯುತ್ತದೆ. ಮೆಟ್ಟಿಲು ಹತ್ತುವಾಗ ತೊಡೆಗಳು ಸೋಲುವುದು, ಗಾಯ ಬೇಗ ಮಾಯದಿರುವುದು, ಕಣಕಾಲಿನ ಊತವನ್ನು ಬೆರಳಿನಿಂದ ಒತ್ತಿದರೆ ಕುಳಿ ಉಳಿಯುವುದು ಇವು ಹೆಚ್ಚು ಗಂಭೀರ. ರಕ್ತದ ಆಲ್ಬುಮಿನ್ 100 ಮಿಲಿಲೀಟರಿಗೆ 3.5 ಗ್ರಾಮಿಗಿಂತ ಕೆಳಗಿಳಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಆದರೆ ಆಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು ಇಪ್ಪತ್ತು ದಿನವಾದುದರಿಂದ ಅದು ತಡವಾಗಿ ಸುದ್ದಿ ಮುಟ್ಟಿಸುತ್ತದೆ, ಸೋಂಕು ಉರಿಯೂತಗಳಲ್ಲಿಯೂ ಇಳಿಯುತ್ತದೆ. ಆದುದರಿಂದ ರೋಗಿಯು ದಿನವೂ ತಿಂದುದರ ಲೆಕ್ಕವನ್ನು ವಿಚಾರಿಸುವುದು ರಕ್ತಪರೀಕ್ಷೆಯಷ್ಟೇ ಬೆಲೆಯುಳ್ಳದ್ದು. ವಾಂತಿ ನಿಲ್ಲದಿದ್ದರೆ ಪ್ರೋಟೀನಿನ ಮಾತಿಗೂ ಮೊದಲು ಥಯಮೀನ್ ಜೀವಸತ್ತ್ವವನ್ನು ಕೊಡಬೇಕು. ಅದರ ಅಭಾವವು ಕೆಲವೇ ವಾರಗಳಲ್ಲಿ ಮೆದುಳಿಗೆ ಹಾನಿ ತರಬಲ್ಲುದು. ಬಿ12, ಕಬ್ಬಿಣ, ಸುಣ್ಣ, ಡಿ ಜೀವಸತ್ತ್ವಗಳ ಗುಳಿಗೆಗಳು ಆಜೀವ ಪರ್ಯಂತ ನಡೆಯತಕ್ಕವು.

ವ್ರತ ಉಪವಾಸಗಳ ವಿಷಯದಲ್ಲಿ ಮೊದಲ ವರ್ಷ ಸಂಕೋಚವಿಲ್ಲದೆ ವಿನಾಯಿತಿ ತೆಗೆದುಕೊಳ್ಳಬೇಕು. ಏಕಾದಶಿಯ ಸಬ್ಬಕ್ಕಿ, ಹಣ್ಣುಗಳಲ್ಲಿ ಪ್ರೋಟೀನು ನಾಮಮಾತ್ರವಾದುದರಿಂದ, ಬಿಡಲಾರದವರು ಹಾಲು, ಮೊಸರು, ಪನೀರುಗಳನ್ನಾದರೂ ಫಲಾಹಾರದೊಡನೆ ಸೇರಿಸಿಕೊಳ್ಳಬೇಕು. ರಂಜಾನಿನ ಉಪವಾಸದಲ್ಲಿ ನೀರಿಗೂ ಎಡೆಯಿಲ್ಲವಾಗಿ ವೈದ್ಯರ ಅನುಮತಿಯಿಲ್ಲದೆ ಕೈಹಾಕಬಾರದು. ಸ್ತ್ರೀಯರು ಶಸ್ತ್ರಚಿಕಿತ್ಸೆಯಾದ ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭಧಾರಣೆಯನ್ನು ಮುಂದೂಡುವಂತೆ ಸಲಹೆ ಕೊಡುವುದಕ್ಕೆ, ಇಳಿಯುತ್ತಿರುವ ಶರೀರವು ಎರಡು ಜೀವಗಳಿಗೆ ಪೋಷಣೆ ಒದಗಿಸಲಾರದೆಂಬುದೇ ಕಾರಣ. ನಮ್ಮ ಸಂಸಾರಗಳಲ್ಲಿ ರೋಗಿ ಒಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು ಆಗಿರುವುದೇ ಹೆಚ್ಚಾದುದರಿಂದ, ಪಥ್ಯತಜ್ಞರು ಶಸ್ತ್ರಚಿಕಿತ್ಸೆಗೆ ಮೊದಲೇ ಅಡುಗೆ ಮಾಡುವವರನ್ನು ಕರೆಸಿ ಮಾತನಾಡುವುದು, ತೊವ್ವೆಯ ಹದವನ್ನು ಬಟ್ಟಲಿನಲ್ಲಿ ತೋರಿಸಿಕೊಡುವುದು, ಅಚ್ಚುಹಾಕಿದ ಪಟ್ಟಿಯೊಂದನ್ನು ಕೈಗಿಡುವುದಕ್ಕಿಂತ ಹೆಚ್ಚು ಫಲಕಾರಿ. ಮೂತ್ರಪಿಂಡದ ರೋಗವುಳ್ಳವರಿಗೆ ಮಾತ್ರ ಮೇಲೆ ಹೇಳಿದ ಅಳತೆಗಳು ಹಾಗೆಯೇ ಅನ್ವಯಿಸುವುದಿಲ್ಲ. ಅಂಥವರ ಪ್ರೋಟೀನಿನ ಪ್ರಮಾಣವನ್ನು ಶಸ್ತ್ರವೈದ್ಯರೂ ಮೂತ್ರಪಿಂಡ ತಜ್ಞರೂ ಕೂಡಿ ಗೊತ್ತುಪಡಿಸಿ, ಪ್ರತಿ ಭೇಟಿಯಲ್ಲಿಯೂ ಪರಿಷ್ಕರಿಸಬೇಕಾಗುತ್ತದೆ.